ಬೆಸುಗೆ ಹಾಕಿದ ಫ್ರೇಮ್‌ನಿಂದ ಎಷ್ಟು ನಿಖರತೆ ಕೇಳಬಹುದು?

ಪ್ರಶ್ನೆ: ಕನ್ವೇಯರ್‌ನ ತಲೆಭಾಗಕ್ಕೆ ಚೌಕ ಪೈಪಿನ ಫ್ರೇಮ್ ವಿನ್ಯಾಸ ಮಾಡಿದ್ದೇನೆ. ಅದರ ಎರಡು ತುದಿಗೆ 12 ಮಿ.ಮೀ. ದಪ್ಪದ ಪಕ್ಕದ ಪ್ಲೇಟ್‌ಗಳು. ಪ್ಲೇಟ್‌ಗಳಲ್ಲಿ ಮೊದಲೇ ಬೋರ್ ಮಾಡಿದ ರಂಧ್ರಗಳಲ್ಲಿ ಸಾಮಾನ್ಯ ಡೀಪ್ ಗ್ರೂವ್ ಬಾಲ್ ಬೇರಿಂಗ್ ಕೂರುತ್ತದೆ. ಪ್ಲೇಟ್‌ಗಳ ನಡುವಿನ ಅಂತರ 1200 ± 0.5 ಮಿ.ಮೀ., ಎರಡು ರಂಧ್ರಗಳ ಮಧ್ಯರೇಖೆ 0.1 ಮಿ.ಮೀ. ಒಳಗೆ ಒಂದೇ ಸಾಲಿನಲ್ಲಿರಬೇಕು ಎಂದು ಡ್ರಾಯಿಂಗ್‌ನಲ್ಲಿ ಬರೆದಿದ್ದೆ. ಬಂದ ಎರಡು ಫ್ರೇಮ್‌ಗಳಲ್ಲಿ ಅಂತರ 1198, ಮಧ್ಯರೇಖೆಯ ವ್ಯತ್ಯಾಸ 1.8 ಮಿ.ಮೀ. ಇದೆ. ಮೂಲೆಮಟ್ಟ ಹಿಡಿದರೆ ಪ್ಲೇಟ್ 200 ಮಿ.ಮೀ. ಎತ್ತರದಲ್ಲಿ 2 ಮಿ.ಮೀ. ಒಳಕ್ಕೆ ವಾಲಿದೆ. ಶಾಫ್ಟ್ ಬಿಗಿಯಾಗಿ ತಿರುಗುತ್ತಿದೆ, ಬೇರಿಂಗ್ ಬಿಸಿಯಾಗುತ್ತಿದೆ. ‘ವೆಲ್ಡಿಂಗ್ ಎಂದರೆ ಇಷ್ಟೇ’ ಎನ್ನುತ್ತಾರೆ ಫ್ಯಾಬ್ರಿಕೇಟರ್. ಇದು ಕಳಪೆ ಕೆಲಸವೇ? ಡ್ರಾಯಿಂಗ್‌ನಲ್ಲಿ ನಾನು ಯಾವ ಸಂಖ್ಯೆ ಬರೆಯಬೇಕಿತ್ತು?

ಉತ್ತರ: ಕೆಲಸ ಕಳಪೆಯಲ್ಲ. ನೀವು ಕೇಳಿದ 0.1 ಮಿ.ಮೀ. ಬೆಸುಗೆಯಿಂದ ಬರುವಂಥದ್ದೇ ಅಲ್ಲ. ಆರ್ಡರ್ ಒಪ್ಪಿಕೊಳ್ಳುವ ಮೊದಲೇ ಫ್ಯಾಬ್ರಿಕೇಟರ್ ಅದನ್ನು ನಿಮಗೆ ಹೇಳಬೇಕಿತ್ತು. ಅಷ್ಟರ ಮಟ್ಟಿಗೆ ತಪ್ಪು ಅವರದೂ ಹೌದು. ಆದರೆ ನಿಮ್ಮ ಮೂರು ಅಳತೆಗಳಲ್ಲಿ ಬೇರಿಂಗನ್ನು ಬಿಸಿ ಮಾಡುತ್ತಿರುವುದು ನೀವು ಮೊದಲು ಹೇಳಿದ ಎರಡಲ್ಲ, ಕೊನೆಯಲ್ಲಿ ಹೇಳಿದ ಆ ವಾಲು. ಅದಕ್ಕೆ ನಿಮ್ಮ ಡ್ರಾಯಿಂಗ್‌ನಲ್ಲಿ ಮಿತಿಯೇ ಇಲ್ಲ.

ಮೊದಲು ಉಕ್ಕು ಏಕೆ ಸರಿಯುತ್ತದೆ ಎಂಬುದನ್ನು ನೋಡೋಣ. ಬೆಸುಗೆಯ ಜಾಗದಲ್ಲಿ ಲೋಹ ಸುಮಾರು 1500 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. ಅದರ ಪಕ್ಕದ ಪಟ್ಟಿ ಕಾದು ಹಿಗ್ಗಲು ನೋಡುತ್ತದೆ, ಸುತ್ತಲಿನ ತಣ್ಣನೆಯ ಉಕ್ಕು ಬಿಡುವುದಿಲ್ಲ. ಕಾದ ಉಕ್ಕು ಮೆದುವಾದ್ದರಿಂದ ಹಿಗ್ಗಲಾರದೆ ತನ್ನೊಳಗೇ ದಪ್ಪವಾಗುತ್ತದೆ. ಆರುವಾಗ ಅದು ಕುಗ್ಗುವುದು ಮೊದಲಿನ ಉದ್ದಕ್ಕಿಂತ ಕಡಿಮೆಗೆ. ಈ ಕುಗ್ಗುವಿಕೆಯನ್ನು ಕಡಿಮೆ ಮಾಡಬಹುದು, ಇಂಥ ದಿಕ್ಕಿಗೆ ಹೋಗು ಎಂದು ಬಾಗಿಸಬಹುದು, ಮೊದಲೇ ಲೆಕ್ಕ ಹಿಡಿದು ಅಳತೆಯಲ್ಲಿ ಸೇರಿಸಿಕೊಳ್ಳಬಹುದು. ಇಲ್ಲವಾಗಿಸಲು ಸಾಧ್ಯವಿಲ್ಲ.

ವರ್ಕ್‌ಶಾಪ್‌ಗಳಲ್ಲಿ ಬಳಸುವ ಸ್ಥೂಲ ಲೆಕ್ಕವೊಂದಿದೆ. ಎರಡು ಭಾಗಗಳು ಸೇರುವ ಮೂಲೆಯಲ್ಲಿ ತ್ರಿಕೋನಾಕಾರವಾಗಿ ತುಂಬುವ ಬೆಸುಗೆಗೆ ಫಿಲೆಟ್ ಎನ್ನುತ್ತಾರೆ. ಅದರ ಕಾಲು, ಅಂದರೆ ಆ ತ್ರಿಕೋನದ ಬದಿಯ ಅಳತೆ, ಪ್ಲೇಟ್ ದಪ್ಪದ ಮುಕ್ಕಾಲು ಭಾಗವನ್ನು ಮೀರದಿದ್ದರೆ, ಅಡ್ಡ ದಿಕ್ಕಿನಲ್ಲಿ ಪ್ರತಿ ಬೆಸುಗೆಗೆ ಸುಮಾರು 0.8 ಮಿ.ಮೀ. ಕುಗ್ಗುತ್ತದೆ. ಅಂಚಿಗೆ ಅಂಚು ಕೂಡಿಸಿ ಹಾಕುವ, 60 ಡಿಗ್ರಿ ವಿ ಆಕಾರದ ಬಟ್ ಬೆಸುಗೆಯಾದರೆ, ಎಷ್ಟು ಪದರ ಹಾಕಿದ್ದಾರೆ ಎಂಬುದರ ಮೇಲೆ 1.5ರಿಂದ 3 ಮಿ.ಮೀ. ನಿಮ್ಮ ಫ್ರೇಮ್‌ನಲ್ಲಿ ಅಡ್ಡ ಪೈಪುಗಳ ಎರಡು ತುದಿಯಲ್ಲೂ ಫಿಲೆಟ್ ಇದೆ. ಎರಡು ಬಾರಿ 0.8 ಎಂದರೆ 1.6, ಪೈಪ್ ತುದಿಯಲ್ಲಿದ್ದ ಸಣ್ಣ ಸಂದು ಮುಚ್ಚಿಕೊಂಡದ್ದೂ ಸೇರಿದರೆ ನಿಮ್ಮ 1198ಕ್ಕೆ ಬಂದು ನಿಲ್ಲುತ್ತೇವೆ. ಅದು ಬೆಸುಗೆಯ ಸಹಜ ನಡೆ. ಪೈಪುಗಳನ್ನು ಮೊದಲೇ ಅಷ್ಟು ಹೆಚ್ಚು ಉದ್ದಕ್ಕೆ ಕತ್ತರಿಸಿದ್ದರೆ 1200ರ ಹತ್ತಿರಕ್ಕೆ ಬರುತ್ತಿತ್ತು, ಆದರೂ ಪ್ರತಿ ಫ್ರೇಮ್‌ನಲ್ಲೂ ± 0.5 ಸಿಗುತ್ತಿರಲಿಲ್ಲ.

ಇದಕ್ಕೆ ಕಚ್ಚಾ ಮಾಲಿನ ವ್ಯತ್ಯಾಸವೂ ಸೇರುತ್ತದೆ, ಇದನ್ನು ಡ್ರಾಯಿಂಗ್ ಮಾಡುವವರು ಮರೆಯುವುದೇ ಹೆಚ್ಚು. ಕಂಪ್ಯೂಟರಿನ ಪರದೆಯ ಮೇಲೆ ಚೌಕ ಪೈಪಿನ ಮೂಲೆ ಸರಿಯಾಗಿ 90 ಡಿಗ್ರಿ ಇರುತ್ತದೆ. ತಣ್ಣಗೆ ರೂಪಿಸಿದ ಪೈಪುಗಳ ಯುರೋಪಿನ ಮಾನಕ ಇಎನ್ 10219 ಅದೇ ಮೂಲೆಗೆ ಒಂದು ಡಿಗ್ರಿ ಆಚೀಚೆ ಬಿಡುತ್ತದೆ. ಬೆಸುಗೆಯ ಕಿಡಿ ಹಾರುವ ಮೊದಲೇ ನಿಮ್ಮ 0.1 ಮಿ.ಮೀ. ಕಳೆದುಹೋಗಿರುತ್ತದೆ.

ಹಾಗಾದರೆ ಬೆಸುಗೆ ಎಷ್ಟು ಕೊಡಬಲ್ಲದು? ಬೆಸುಗೆ ಹಾಕಿದ ರಚನೆಗಳ ಸಾಮಾನ್ಯ ಟಾಲರೆನ್ಸ್‌ಗೆಂದೇ, ಅಂದರೆ ಅಳತೆ ಎಷ್ಟು ಆಚೀಚೆ ಆಗಬಹುದು ಎಂಬ ಮಿತಿಗೆಂದೇ, ಐಎಸ್‌ಒ 13920 ಎಂಬ ಮಾನಕವಿದೆ. ಉದ್ದ ಮತ್ತು ಕೋನಗಳಿಗೆ ಅದರಲ್ಲಿ ಎ, ಬಿ, ಸಿ, ಡಿ ಎಂಬ ನಾಲ್ಕು ದರ್ಜೆಗಳು. ನೇರ, ಸಮತಲ, ಸಮಾನಾಂತರಗಳಿಗೆ ಇ, ಎಫ್, ಜಿ, ಎಚ್. ನಿಮ್ಮ 1200 ಮಿ.ಮೀ. ಅಳತೆ 1000ದಿಂದ 2000ದ ಸಾಲಿಗೆ ಬರುತ್ತದೆ. ಅಲ್ಲಿ ಎ ದರ್ಜೆಗೆ ± 3, ಬಿ ದರ್ಜೆಗೆ ± 4, ಸಿ ದರ್ಜೆಗೆ ± 8 ಮಿ.ಮೀ. ಬಿ ಎಂದರೆ ಒಳ್ಳೆಯ ವರ್ಕ್‌ಶಾಪ್ ಎಚ್ಚರದಿಂದ ಮಾಡಿದ ಕೆಲಸ. ಎ ದರ್ಜೆಗೆ ಭಾಗಗಳನ್ನು ಅಲುಗಾಡದಂತೆ ಹಿಡಿದಿಡುವ ಫಿಕ್ಸ್ಚರ್ ಬೇಕು, ಬೆಸುಗೆಯ ಅನುಕ್ರಮವನ್ನು ಮೊದಲೇ ಗೊತ್ತುಮಾಡಬೇಕು, ಹಲವು ಸಲ ಆಮೇಲೆ ತಿದ್ದಲೂ ಬೇಕು. ನಿಮಗೆ ಬಂದ 1198 ಎ ದರ್ಜೆಯ ಒಳಗೇ ಇದೆ.

ಬಹುತೇಕ ಡ್ರಾಯಿಂಗ್‌ಗಳ ಕೆಳಗಿನ ಚೌಕದಲ್ಲಿ ‘ಐಎಸ್‌ಒ 2768-ಎಂ’ ಎಂದು ಅಚ್ಚಾಗಿಯೇ ಬಂದಿರುತ್ತದೆ. ಅದು ಲೇತ್, ಮಿಲ್ಲಿಂಗ್ ಕೆಲಸಕ್ಕೆ ಒಗ್ಗುವ ಮಾನಕ. ಇದೇ ಉದ್ದಕ್ಕೆ ಅದರ ಮಧ್ಯಮ ದರ್ಜೆ ± 1.2 ಮಿ.ಮೀ. ಎನ್ನುತ್ತದೆ. ಆ ಸಾಲನ್ನು ಅಳಿಸದೆ ಬೆಸುಗೆಯ ಡ್ರಾಯಿಂಗ್ ಕಳಿಸಿದರೆ, ನೀವು ಯೋಚಿಸಿಯೇ ಇರದ ಹತ್ತಾರು ಅಳತೆಗಳಿಗೂ ಸಾಧ್ಯವಾಗದ ನಿಖರತೆ ಕೇಳಿದಂತಾಗುತ್ತದೆ. ಆಗ ಫ್ಯಾಬ್ರಿಕೇಟರ್ ಯಾವುದು ನಿಜವಾಗಿ ಮುಖ್ಯ ಎಂದು ತಾನೇ ಊಹಿಸುತ್ತಾನೆ, ಆ ಊಹೆ ತಪ್ಪಿದಾಗ ಜಗಳ ಶುರುವಾಗುತ್ತದೆ.

ಈಗ ವಾಲಿನ ವಿಷಯ. ಇಲ್ಲಿ ಸ್ವಲ್ಪ ಲೆಕ್ಕ ಮಾಡೋಣ.

ಮಧ್ಯರೇಖೆಗಳ ನಡುವೆ 1.8 ಮಿ.ಮೀ. ವ್ಯತ್ಯಾಸ ಎಂದಿರಿ. ಅದು 1200 ಮಿ.ಮೀ. ಉದ್ದದಲ್ಲಿ ಹರಡಿಕೊಂಡಿದೆ. 1.8 ಭಾಗಿಸು 1200 ಎಂದರೆ 0.0015 ರೇಡಿಯನ್, ಕೋನದ ಲೆಕ್ಕದಲ್ಲಿ ಸುಮಾರು 5 ನಿಮಿಷ, ಅಂದರೆ ಡಿಗ್ರಿಯ ಹನ್ನೆರಡನೇ ಒಂದು ಭಾಗ. ಪ್ಲೇಟಿನ ವಾಲು 200 ಮಿ.ಮೀ.ಗೆ 2 ಮಿ.ಮೀ.; ಅದು 0.01 ರೇಡಿಯನ್, ಸುಮಾರು 34 ನಿಮಿಷ. ಡೀಪ್ ಗ್ರೂವ್ ಬಾಲ್ ಬೇರಿಂಗ್ ತನ್ನ ಒಳ ಉಂಗುರ ಮತ್ತು ಹೊರ ಉಂಗುರದ ನಡುವೆ ಸಹಿಸುವುದು, ಮಾದರಿ ಮತ್ತು ಹೊರೆಗೆ ತಕ್ಕಂತೆ, 2ರಿಂದ 10 ನಿಮಿಷ. ನೀವು ನಿದ್ದೆಗೆಟ್ಟ 1.8 ಮಿ.ಮೀ. ಆ ಮಿತಿಯೊಳಗೆ ಹೇಗೋ ನುಸುಳಿಕೊಳ್ಳುತ್ತಿತ್ತು. ಬೇರಿಂಗನ್ನು ಹಿಂಡುತ್ತಿರುವುದು ಆ 34 ನಿಮಿಷ.

ಬೆಸುಗೆ ಸಹಜವಾಗಿಯೇ ಮಾಡುವ ತಪ್ಪು ಕೂಡ ಇದೇ. ಪ್ಲೇಟಿನ ಒಂದೇ ಬದಿಗೆ ಫಿಲೆಟ್ ಹಾಕಿದರೆ, ಬೆಸುಗೆಯ ಮೇಲ್ಮೈಯಲ್ಲಿ ಲೋಹ ಹೆಚ್ಚು, ಬುಡದಲ್ಲಿ ಕಡಿಮೆ. ಮೇಲೆ ಹೆಚ್ಚು ಕುಗ್ಗುತ್ತದೆ, ಪ್ಲೇಟ್ ಬೆಸುಗೆಯ ಕಡೆಗೆ ಬಾಗುತ್ತದೆ. ಐಎಸ್‌ಒ 13920ರ ಬಿ ದರ್ಜೆ 400 ಮಿ.ಮೀ.ವರೆಗಿನ ಚಿಕ್ಕ ಬಾಹುವಿರುವ ಕೋನಕ್ಕೆ ± 45 ನಿಮಿಷ ಬಿಡುತ್ತದೆ, ಎ ದರ್ಜೆ ± 20 ನಿಮಿಷ. ಈ ಸಂಖ್ಯೆಗಳನ್ನು ಬೇರಿಂಗಿನ 10 ನಿಮಿಷದ ಪಕ್ಕದಲ್ಲಿಟ್ಟು ನೋಡಿ. ಅತ್ಯುತ್ತಮ ದರ್ಜೆಯ ಬೆಸುಗೆ ಕೂಡ ನಿಮ್ಮ ಬೇರಿಂಗಿಗೆ ಬೇಕಾದ ಕೋನವನ್ನು ಖಾತ್ರಿಯಾಗಿ ಕೊಡಲಾರದು. ಆದ್ದರಿಂದ ‘ಯಾವ ಸಂಖ್ಯೆ ಬರೆಯಬೇಕಿತ್ತು’ ಎಂಬ ನಿಮ್ಮ ಪ್ರಶ್ನೆಗೆ, ಈ ವಿನ್ಯಾಸವನ್ನು ಹೀಗೆಯೇ ಇಟ್ಟುಕೊಂಡರೆ, ಉತ್ತರವೇ ಇಲ್ಲ. ಸಂಖ್ಯೆ ಸಡಿಲಿಸಿದರೆ ಬೇರಿಂಗ್ ಕೆಡುತ್ತದೆ, ಬಿಗಿ ಮಾಡಿದರೆ ಯಾರೂ ಮಾಡಿಕೊಡಲಾರರು. ಬದಲಾಗಬೇಕಾದದ್ದು ವಿನ್ಯಾಸ.

ನಾನಾಗಿದ್ದರೆ ಬೇರಿಂಗನ್ನೇ ಬದಲಾಯಿಸುತ್ತಿದ್ದೆ. ಕನ್ವೇಯರ್‌ನ ತಲೆಶಾಫ್ಟ್ ನಿಧಾನವಾಗಿ ತಿರುಗುವಂಥದ್ದು, ಅಲ್ಲಿ ಅತಿ ನಿಖರತೆಯ ಅಗತ್ಯವೇ ಇಲ್ಲ. ಹೊರಮೈ ಗೋಳಾಕಾರದಲ್ಲಿರುವ ಇನ್ಸರ್ಟ್ ಬೇರಿಂಗ್‌ಗಳು ಪಿಲ್ಲೋ ಬ್ಲಾಕ್‌ನಲ್ಲಿ, ಅಂದರೆ ಬೋಲ್ಟ್ ಹಾಕಿ ಕೂರಿಸುವ ಪಾದವಿರುವ ಕವಚದಲ್ಲಿ, ಬರುತ್ತವೆ. ಜೋಡಿಸುವಾಗ ಅವು ಕನಿಷ್ಠ 2 ಡಿಗ್ರಿ, ಅಂದರೆ 120 ನಿಮಿಷ, ತಾವಾಗಿಯೇ ಹೊಂದಿಕೊಳ್ಳುತ್ತವೆ. ನಿಮ್ಮ 34 ನಿಮಿಷ ಅವುಗಳಿಗೆ ಲೆಕ್ಕಕ್ಕೇ ಇಲ್ಲ. ಆದರೆ ಆ ಹೊಂದಾಣಿಕೆ ಜೋಡಣೆಯ ಸಮಯಕ್ಕೆ ಮಾತ್ರ. ಹೊರೆ ಬಿದ್ದಾಗ ಶಾಫ್ಟ್ ಗಣನೀಯವಾಗಿ ಬಾಗುತ್ತದೆ ಎಂದಾದರೆ, ಓಡುವಾಗಲೂ ಹೊಂದಿಕೊಳ್ಳುವ ಸ್ಫೆರಿಕಲ್ ರೋಲರ್ ಬೇರಿಂಗ್ ಹಾಕಿ. ಅಂತರದ ವ್ಯತ್ಯಾಸಕ್ಕೂ ಇಲ್ಲಿಯೇ ಪರಿಹಾರವಿದೆ: ಒಂದು ಕಡೆಯ ಬೇರಿಂಗ್ ಶಾಫ್ಟನ್ನು ಅಕ್ಷದ ದಿಕ್ಕಿನಲ್ಲಿ ಹಿಡಿಯಲಿ, ಇನ್ನೊಂದು ಸರಿಯಲು ಸ್ವತಂತ್ರವಾಗಿರಲಿ. ಶಾಫ್ಟ್ ಬಿಸಿಯಾಗಿ ಹಿಗ್ಗಿದಾಗಲೂ ಅದೇ ಬೇಕು. ಆಗ 1200ಕ್ಕೆ ± 4 ಕೊಟ್ಟರೂ ಯಂತ್ರಕ್ಕೆ ಏನೂ ಆಗುವುದಿಲ್ಲ. ಇಡೀ ಫ್ರೇಮ್‌ಗೆ ‘ಐಎಸ್‌ಒ 13920-ಬಿಎಫ್’ ಎಂದು ಒಂದೇ ಸಾಲು ಸಾಕು. ಶಾಫ್ಟ್ ಸಾಲು ಬೆಲ್ಟಿನ ದಿಕ್ಕಿಗೆ ಲಂಬವಾಗಿರುವುದು ಮಾತ್ರ ನಿಜವಾಗಿ ಮುಖ್ಯ, ಇಲ್ಲವಾದರೆ ಬೆಲ್ಟ್ ಒಂದು ಬದಿಗೆ ಓಡುತ್ತದೆ. ಅದನ್ನು ಪಿಲ್ಲೋ ಬ್ಲಾಕ್‌ನ ಉದ್ದ ರಂಧ್ರ ಮತ್ತು ತಳ್ಳುವ ಬೋಲ್ಟ್‌ನಿಂದ ಜೋಡಿಸುವಾಗ ಸರಿಮಾಡಿಕೊಳ್ಳುತ್ತೀರಿ.

ಏನೋ ಕಾರಣಕ್ಕೆ ಡೀಪ್ ಗ್ರೂವ್ ಬೇರಿಂಗೇ ಬೇಕು, ಅಥವಾ ಶಾಫ್ಟಿನ ಮೇಲೆ ಗಿಯರ್ ಕೂರುತ್ತದೆ ಎಂದಾದರೆ ದಾರಿ ಬೇರೆ: ಮೊದಲು ಬೆಸುಗೆ, ಆಮೇಲೆ ಬೋರಿಂಗ್. ಪ್ಲೇಟ್‌ಗಳಲ್ಲಿ ಸಣ್ಣ ರಂಧ್ರ ಬಿಟ್ಟು ಬೆಸುಗೆ ಹಾಕಿಸಿ, ಇಡೀ ಫ್ರೇಮನ್ನು ಬೋರಿಂಗ್ ಯಂತ್ರದ ಮೇಲೆ ಕೂರಿಸಿ ಎರಡೂ ರಂಧ್ರಗಳನ್ನು ಒಂದೇ ಹಿಡಿತದಲ್ಲಿ ಕೊರೆಸಿದರೆ, ನೀವು ಕೇಳಿದ 0.1 ಮಿ.ಮೀ. ಸುಲಭದ ಮಾತು. ಪ್ಲೇಟ್ ವಾಲಿದ್ದರೂ ಬೋರ್ ನೇರವಾಗಿರುತ್ತದೆ. ಇದಕ್ಕೆ ಎರಡು ಡ್ರಾಯಿಂಗ್ ಮಾಡಿ, ಬೆಸುಗೆಗೆ ಒಂದು, ಮಷೀನಿಂಗ್‌ಗೆ ಒಂದು. ಬೆಸುಗೆಯ ಡ್ರಾಯಿಂಗ್‌ನಲ್ಲಿ ಸಡಿಲ ಟಾಲರೆನ್ಸ್ ಮತ್ತು ಕೆತ್ತಲು ಬಿಡಬೇಕಾದ ಹೆಚ್ಚುವರಿ ಲೋಹ. ಮಷೀನಿಂಗ್‌ನದರಲ್ಲಿ ನಿಖರ ಅಳತೆಗಳು. ಎರಡನ್ನೂ ಒಂದೇ ಹಾಳೆಗೆ ತುರುಕಿದರೆ ವೆಲ್ಡರ್ ತನ್ನದಲ್ಲದ ಅಳತೆಯ ಹಿಂದೆ ಬೀಳುತ್ತಾನೆ.

ಹೆಚ್ಚುವರಿ ಲೋಹ ಎಷ್ಟಿರಬೇಕು ಎಂಬಲ್ಲಿ ಅಂದಾಜು ಸಾಲದು. ಎಫ್ ದರ್ಜೆಯ ಸಮತಲ ಟಾಲರೆನ್ಸ್ 1000ದಿಂದ 2000 ಮಿ.ಮೀ. ಉದ್ದಕ್ಕೆ 4.5 ಮಿ.ಮೀ. ಫ್ರೇಮ್‌ನ ನಾಲ್ಕು ಮೂಲೆಯಲ್ಲಿ ಕೆತ್ತಬೇಕಾದ ಪ್ಯಾಡ್‌ಗಳಿದ್ದು, ತಲಾ 3 ಮಿ.ಮೀ. ಹೆಚ್ಚು ಬಿಟ್ಟಿದ್ದೀರಿ ಎಂದುಕೊಳ್ಳಿ. ಫ್ರೇಮ್ ಟಾಲರೆನ್ಸ್ ಒಳಗೇ ಇದ್ದೂ ಒಂದು ಪ್ಯಾಡ್ 4 ಮಿ.ಮೀ. ತಗ್ಗಿನಲ್ಲಿರಬಹುದು. ಉಳಿದ ಮೂರನ್ನು ಬೇಕಾದ ಎತ್ತರಕ್ಕೆ ಇಳಿಸಿದರೂ ಕಟ್ಟರ್ ನಾಲ್ಕನೆಯದನ್ನು ಮುಟ್ಟುವುದೇ ಇಲ್ಲ. ಎಲ್ಲರೂ ತಮ್ಮ ತಮ್ಮ ಕೆಲಸ ಸರಿಯಾಗಿಯೇ ಮಾಡಿರುತ್ತಾರೆ, ಫ್ರೇಮ್ ಮಾತ್ರ ಗುಜರಿಗೆ. ಇಂಥ ಕಡೆ 6 ಮಿ.ಮೀ. ಬಿಡಿ, ಪ್ಯಾಡಿನ ದಪ್ಪವನ್ನೂ ಅದಕ್ಕೆ ತಕ್ಕಂತೆ ಆರಿಸಿ.

ಭಾರಿ ಬೆಸುಗೆಯ ಫ್ರೇಮಾದರೆ ಮಷೀನಿಂಗ್‌ಗೆ ಮೊದಲು ಕುಲುಮೆಯಲ್ಲಿಟ್ಟು ಒಳಗಿನ ಒತ್ತಡ ಇಳಿಸಬೇಕು. ಸಾಮಾನ್ಯ ಇಂಗಾಲದ ಉಕ್ಕಿಗೆ 580ರಿಂದ 620 ಡಿಗ್ರಿ, ದಪ್ಪದ ಪ್ರತಿ 25 ಮಿ.ಮೀ.ಗೆ ಸುಮಾರು ಒಂದು ಗಂಟೆ, ಆಮೇಲೆ ಕುಲುಮೆಯೊಳಗೇ ನಿಧಾನವಾಗಿ ಆರಲು ಬಿಡುವುದು. ಈ ಹೆಜ್ಜೆ ಬಿಟ್ಟರೆ, ಕೆತ್ತುತ್ತಾ ಹೋದಂತೆ ಒಳಗೆ ಹಿಡಿದಿಟ್ಟಿದ್ದ ಒತ್ತಡ ಬಿಡುಗಡೆಯಾಗಿ, ಯಂತ್ರದ ಮೇಲೆ ಸರಿಯಿದ್ದ ಬೋರ್ ಕ್ಲ್ಯಾಂಪ್ ಬಿಚ್ಚಿದ ಕೂಡಲೇ ಸರಿಯುತ್ತದೆ. ನಿಮ್ಮ ಗಾತ್ರದ ಹಗುರ ಫ್ರೇಮ್‌ಗೆ, 0.1 ಸಾಕೆಂದರೆ, ಒರಟು ಕೆತ್ತನೆಯ ನಂತರ ಕ್ಲ್ಯಾಂಪ್ ಸಡಿಲಿಸಿ ಮತ್ತೆ ಹಗುರವಾಗಿ ಹಿಡಿದು ಕೊನೆಯ ಸುತ್ತು ತೆಗೆಸಿದರೂ ನಡೆಯುತ್ತದೆ.

ಮೋಟಾರು ಮತ್ತು ಗಿಯರ್‌ಬಾಕ್ಸ್ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ, ಏಕೆಂದರೆ ಮುಂದಿನ ತೊಂದರೆ ಅಲ್ಲಿಯೇ ಬರುವುದು. ಕಪ್ಲಿಂಗ್‌ನ ಎರಡು ಶಾಫ್ಟ್‌ಗಳು, ನಿಮಿಷಕ್ಕೆ 1500 ಸುತ್ತಿನ ವೇಗದಲ್ಲಿ, ಸರಿಸುಮಾರು 0.1 ಮಿ.ಮೀ. ಒಳಗೆ ಸೇರಬೇಕು. ಅದನ್ನು ಫ್ರೇಮ್‌ನಿಂದ ನಿರೀಕ್ಷಿಸಬೇಡಿ. ಮೋಟಾರಿನ ಪಾದದಡಿ 2ರಿಂದ 3 ಮಿ.ಮೀ. ಶಿಮ್‌ಗೆ (ಎತ್ತರ ಸರಿಮಾಡಲು ಇಡುವ ತೆಳು ತಗಡುಗಳಿಗೆ) ಜಾಗ ಬಿಟ್ಟು ವಿನ್ಯಾಸ ಮಾಡಿ. ಮೋಟಾರನ್ನು ಏರಿಸಲು ಶಿಮ್ ಸೇರಿಸಬಹುದು. ಜಾಗ ಬಿಡದೆ ಅದು ಮೊದಲೇ ಎತ್ತರದಲ್ಲಿ ಕೂತಿದ್ದರೆ ಇಳಿಸಲು ದಾರಿಯಿಲ್ಲ. ಪಕ್ಕಕ್ಕೆ ಸರಿಸಲು ತಳ್ಳುವ ಬೋಲ್ಟ್‌ಗಳಿರಲಿ. ಪಾದಗಳ ಕೆಳಗಿನ ನಾಲ್ಕು ಪ್ಯಾಡ್‌ಗಳನ್ನು ಮಾತ್ರ ಒಂದೇ ಸಮತಲಕ್ಕೆ ಕೆತ್ತಿಸಿ, ಇಲ್ಲವಾದರೆ ಬೋಲ್ಟ್ ಬಿಗಿದಾಗ ಮೋಟಾರಿನ ಕವಚವೇ ತಿರುಚಿಕೊಳ್ಳುತ್ತದೆ.

ಬೋಲ್ಟ್ ರಂಧ್ರಗಳಿಗೂ ಇದೇ ವಿವೇಚನೆ ಬೇಕು. ಎಂ12 ಬೋಲ್ಟಿಗೆ 13.5 ಮಿ.ಮೀ. ರಂಧ್ರ ಸಾಮಾನ್ಯ. ಎರಡೂ ಪ್ಲೇಟ್‌ಗಳಲ್ಲಿ ತೂತಿದ್ದು ಬೋಲ್ಟ್ ನಟ್‌ನಿಂದ ಬಿಗಿಯುವುದಾದರೆ, ಪ್ರತಿ ಪ್ಲೇಟಿನ ರಂಧ್ರದ ಕೇಂದ್ರಕ್ಕೆ 1.5 ಮಿ.ಮೀ. ವ್ಯಾಸದ ವಲಯ ಸಿಗುತ್ತದೆ. ಒಂದರ ರಂಧ್ರದಲ್ಲಿ ಬೋಲ್ಟ್ ತಿರುಗಿ ಕೂರುವ ಥ್ರೆಡ್ ಇದ್ದರೆ ಅದು ಅರ್ಧವಾಗಿ ತಲಾ 0.75. ಒಂದೇ ಪ್ಲೇಟಿನಲ್ಲಿ ಲೇಸರ್‌ನಿಂದ ಕತ್ತರಿಸಿದ ನಾಲ್ಕು ರಂಧ್ರಗಳ ಪರಸ್ಪರ ಅಂತರಕ್ಕೆ ಇದು ಧಾರಾಳ. ಬೇರೆ ಬೇರೆಯಾಗಿ ಬೆಸುಗೆ ಹಾಕಿದ ಎರಡು ಬ್ರಾಕೆಟ್‌ಗಳ ರಂಧ್ರಗಳ ನಡುವೆ ಇದನ್ನೇ ಕೇಳಿದರೆ ಸೋಲು ಖಚಿತ. ಅಲ್ಲಿ ಒಂದು ಬದಿಯ ರಂಧ್ರವನ್ನು ಉದ್ದ ಮಾಡಿ, ದಪ್ಪ ವಾಷರ್ ಕೊಡಿ. ಉದ್ದ ರಂಧ್ರದ ದಿಕ್ಕಿನಲ್ಲೇ ಹೊರೆ ಬರುವಂತಿದ್ದರೆ, ಜೋಡಿಸಿದ ಮೇಲೆ ಎರಡೂ ಭಾಗಗಳಲ್ಲಿ ಒಟ್ಟಿಗೆ ರಂಧ್ರ ಕೊರೆದು, ಅವು ಸರಿಯದಂತೆ ಹಿಡಿಯುವ ಡವೆಲ್ ಪಿನ್ ಕೂರಿಸಿ. ಘರ್ಷಣೆಯನ್ನೇ ನಂಬಿ ಬಿಡಬೇಡಿ.

ಫ್ಯಾಬ್ರಿಕೇಟರ್‌ಗೆ ರಿಯಾಯಿತಿ ಕೊಟ್ಟುಬಿಡಿ ಎಂದು ಇಷ್ಟೆಲ್ಲ ಹೇಳುತ್ತಿಲ್ಲ. ನಿಮ್ಮ ಪ್ಲೇಟ್ ಇನ್ನೂ ಕಡಿಮೆ ವಾಲುವಂತೆ ಮಾಡಬಹುದಿತ್ತು. ಎರಡೂ ಬದಿಗೆ ಸಣ್ಣ ಫಿಲೆಟ್ ಹಾಕಿದ್ದರೆ ಎಳೆತ ಎಳೆತವನ್ನು ಬಹುಮಟ್ಟಿಗೆ ಸರಿದೂಗಿಸುತ್ತಿತ್ತು. ಬೆಸುಗೆಯ ಗಾತ್ರವನ್ನೂ ಗಮನಿಸಿ: 6 ಮಿ.ಮೀ. ಕಾಲಿನ ಫಿಲೆಟ್‌ನ ಅಡ್ಡಕೊಯ್ತ 18 ಚದರ ಮಿ.ಮೀ., 8 ಮಿ.ಮೀ. ಕಾಲಿನದು 32. ಕಾಲು ಎರಡೇ ಮಿ.ಮೀ. ಹೆಚ್ಚಿದರೆ ಕರಗಿಸಿ ತುಂಬಿದ ಲೋಹ ಮುಕ್ಕಾಲು ಪಾಲಿಗೂ ಮೀರಿ ಹೆಚ್ಚುತ್ತದೆ, ಅದರ ಜೊತೆಗೆ ಎಳೆತವೂ. ‘ಇರಲಿ, ಗಟ್ಟಿಯಾಗಲಿ’ ಎಂದು ದಪ್ಪ ಬೆಸುಗೆ ಕೇಳುವ ವಿನ್ಯಾಸಕಾರರೇ ವಕ್ರತೆಯನ್ನು ಕೇಳಿ ಪಡೆಯುತ್ತಾರೆ. ಲೆಕ್ಕಕ್ಕೆ ಬೇಕಾದಷ್ಟೇ ಗಾತ್ರ ಬರೆಯಿರಿ, ಸಾಧ್ಯವಿದ್ದಲ್ಲಿ ಬಿಟ್ಟು ಬಿಟ್ಟು ಹಾಕಿಸಿ. ಎರಡು ಪ್ಲೇಟಿನ ರಂಧ್ರಗಳಲ್ಲಿ ದಪ್ಪ ಸರಳನ್ನು ತೂರಿಸಿ, ಪ್ಲೇಟ್‌ಗಳನ್ನು ಸಣ್ಣ ಸಣ್ಣ ಬೆಸುಗೆಯಿಂದ ತಾತ್ಕಾಲಿಕವಾಗಿ ಹಿಡಿಸಿ (ಟ್ಯಾಕ್ ಮಾಡಿ), ಅದು ಒಳಗಿರುವಾಗಲೇ ಬೆಸುಗೆ ಮುಗಿಸುವುದು ಒಳ್ಳೆಯ ಪದ್ಧತಿ. ಆದರೆ ಸರಳು ತೆಗೆದಾಗ ಪ್ಲೇಟ್ ಸ್ವಲ್ಪ ಹಿಂದಿರುಗುತ್ತದೆ ಎಂಬುದು ಲೆಕ್ಕದಲ್ಲಿರಲಿ. ಫಿಕ್ಸ್ಚರ್‌ನಲ್ಲಿ ಬಿಗಿಯಾಗಿ ಹಿಡಿದ ಯಾವ ಭಾಗವೂ ಬಿಚ್ಚಿದ ಮೇಲೆ ಅಲ್ಲಿಯೇ ನಿಲ್ಲುವುದಿಲ್ಲ.

ಆದ್ದರಿಂದ ಯಾವ ಸ್ಥಿತಿಯಲ್ಲಿ ಅಳೆಯಬೇಕು ಎಂಬುದನ್ನೂ ಡ್ರಾಯಿಂಗ್‌ನಲ್ಲಿ ಬರೆಯಿರಿ: ಫಿಕ್ಸ್ಚರ್‌ನಿಂದ ಬಿಚ್ಚಿದ ಮೇಲೆ, ಪೂರ್ತಿ ಆರಿದ ಮೇಲೆ. ಉಕ್ಕು ಪ್ರತಿ ಮೀಟರಿಗೆ, ಪ್ರತಿ 10 ಡಿಗ್ರಿಗೆ ಸುಮಾರು 0.12 ಮಿ.ಮೀ. ಹಿಗ್ಗುತ್ತದೆ. ಮುಟ್ಟಿದರೆ ಬಿಸಿ ಎನಿಸುವ, ಸುತ್ತಲಿನ ಗಾಳಿಗಿಂತ 40 ಡಿಗ್ರಿ ಹೆಚ್ಚು ಕಾದ ಫ್ರೇಮ್ ನಿಮ್ಮ ಅಳತೆಯಲ್ಲಿ 0.6 ಮಿ.ಮೀ.ನಷ್ಟು ಉದ್ದ ತೋರುತ್ತದೆ. ನೀವು ಕೇಳಿದ್ದ ± 0.5 ಅದರಲ್ಲೇ ಮುಗಿಯಿತು. ಅಳತೆಪಟ್ಟಿಯ ಸಮಸ್ಯೆಯೂ ಇದೆ. ಎರಡನೇ ದರ್ಜೆಯ ಟೇಪಿಗೆ ಎರಡು ಮೀಟರ್ ಉದ್ದದಲ್ಲಿ ಮಾನಕವೇ 0.7 ಮಿ.ಮೀ. ತಪ್ಪನ್ನು ಒಪ್ಪುತ್ತದೆ. ಟೇಪ್ ಹಿಡಿದು ± 0.5 ಪರೀಕ್ಷಿಸಲಾಗದು. ವರ್ಕ್‌ಶಾಪಿನವರು ಪರೀಕ್ಷಿಸಲಾಗದ ಟಾಲರೆನ್ಸ್ ಕಾಗದದ ಮೇಲೆ ಮಾತ್ರ ಇರುತ್ತದೆ.

ಟಾಲರೆನ್ಸ್ ಎಂದಾಗ ಬಟ್ ಬೆಸುಗೆಯಲ್ಲಿ ಎರಡು ಪ್ಲೇಟ್‌ಗಳ ಅಂಚು ಮೇಲೆ ಕೆಳಗೆ ಆಗುವುದನ್ನು ಕೆಲವರು ಇದರೊಂದಿಗೆ ಬೆರೆಸುತ್ತಾರೆ. ಅದು ಬೆಸುಗೆಯ ಬಲಕ್ಕೆ ಸಂಬಂಧಿಸಿದ್ದು, ಐಎಸ್‌ಒ 5817ರಲ್ಲಿ ಬರುತ್ತದೆ. ಅಲ್ಲಿ ಬಿ ಮಟ್ಟಕ್ಕೆ ದಪ್ಪದ ಹತ್ತನೇ ಒಂದು ಭಾಗ, ಸಿ ಮಟ್ಟಕ್ಕೆ 0.15 ಪಾಲು, ಡಿ ಮಟ್ಟಕ್ಕೆ ಕಾಲು ಭಾಗ ಎಂಬ ಮಿತಿಗಳಿವೆ. ದಪ್ಪ ಪ್ಲೇಟ್‌ಗಳಿಗೆ ಕ್ರಮವಾಗಿ 3, 4, 5 ಮಿ.ಮೀ. ಗರಿಷ್ಠ. ಆ ಮಾನಕದ ಬಿ ಬೇರೆ, 13920ರ ಬಿ ಬೇರೆ. ಡ್ರಾಯಿಂಗ್‌ನಲ್ಲಿ ಬರೀ ‘ಬಿ ದರ್ಜೆ’ ಎಂದು ಬರೆದು ಬಿಡಬೇಡಿ.

ಈಗ ನಿಮ್ಮ ಬಳಿ ಬಂದಿರುವ ಎರಡು ಫ್ರೇಮ್‌ಗಳು. ಅವನ್ನು ಹಿಂದಿರುಗಿಸುವ ಅಗತ್ಯವಿಲ್ಲ. ಪ್ಲೇಟ್‌ಗಳನ್ನು ಸುತ್ತಿಗೆಯಿಂದ ಹೊಡೆದು ನೇರ ಮಾಡಲು ಹೋಗಬೇಡಿ, ಬೆಸುಗೆಯ ಬುಡದಲ್ಲಿ ಬಿರುಕು ಬಿಡಬಹುದು. ಈಗಿರುವ ರಂಧ್ರವನ್ನು ಶಾಫ್ಟ್ ಎಲ್ಲಿಯೂ ತಾಗದಷ್ಟು ದೊಡ್ಡದಾಗಿ ಕತ್ತರಿಸಿ, ಪ್ಲೇಟಿನ ಹೊರಮೈಗೆ ನಾಲ್ಕು ಬೋಲ್ಟಿನ ಫ್ಲೇಂಜ್ ಮಾದರಿಯ ಇನ್ಸರ್ಟ್ ಬೇರಿಂಗ್ ಜೋಡಿಸಿ. ಮೊದಲ ಬೇರಿಂಗಿನ ರಂಧ್ರಗಳನ್ನು ಗುರುತು ಹಾಕಿ ಕೊರೆದು ಬಿಗಿಯಿರಿ. ಎರಡನೆಯದನ್ನು ಶಾಫ್ಟಿಗೆ ಏರಿಸಿ, ಶಾಫ್ಟ್ ಬೆಲ್ಟಿನ ದಿಕ್ಕಿಗೆ ಲಂಬವಾಗಿ ನಿಂತದ್ದನ್ನು ನೋಡಿಕೊಂಡ ಮೇಲೆ ಅದರ ರಂಧ್ರಗಳನ್ನು ಗುರುತು ಮಾಡಿ. ಹಾಗೆ ಮಾಡಿದರೆ 1.8 ಮಿ.ಮೀ. ವ್ಯತ್ಯಾಸ ಆ ಗುರುತಿನಲ್ಲೇ ತೀರಿಹೋಗುತ್ತದೆ, ವಾಲನ್ನು ಬೇರಿಂಗ್ ನುಂಗಿಕೊಳ್ಳುತ್ತದೆ. ಬೋಲ್ಟ್‌ಗಳನ್ನು ಬಿಗಿದ ನಂತರವೇ ಬೇರಿಂಗಿನ ಒಳ ಉಂಗುರವನ್ನು ಶಾಫ್ಟಿಗೆ ಲಾಕ್ ಮಾಡಿ, ಆ ಕ್ರಮ ತಪ್ಪಿದರೆ ಶಾಫ್ಟ್ ಮತ್ತೆ ಬಿಗಿಯುತ್ತದೆ.